ವರದಿಯಲ್ಲಿ ‘ಸೊನ್ನೆ’ ಎಂದಿದ್ದರೆ ಬಾವಿ ನೀರು ಶುದ್ಧವೇ?

ಮಳೆಗಾಲದಲ್ಲಿ ಬಾವಿ ನೀರು ಕಲಕಿದಂತಾಗುತ್ತದೆ. ಮನೆಯಲ್ಲಿ ಒಬ್ಬಿಬ್ಬರಿಗೆ ಭೇದಿ ಶುರುವಾಗುತ್ತದೆ. ನೀವು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಮರುದಿನವೇ ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕಳಿಸುತ್ತೀರಿ. ‘ಕೋಲಿಫಾರಂ: ಸೊನ್ನೆ’ ಎಂದು ವರದಿ ಬರುತ್ತದೆ. ಅಲ್ಲಿಗೆ ನೀರು ಕುದಿಸುವುದು ನಿಲ್ಲುತ್ತದೆ. ಹತ್ತು ದಿನ ಕಳೆದು ಮಗುವಿಗೆ ಮತ್ತೆ ಭೇದಿ. ಹಾಗಾದರೆ ಲ್ಯಾಬಿನವರು ಸುಳ್ಳು ಬರೆದರೇ? ಇಲ್ಲ. ತಟ್ಟೆಯಲ್ಲಿ ಕಂಡದ್ದನ್ನೇ ಅವರು ಬರೆದಿದ್ದಾರೆ. ಆದರೆ ನೀರಿನಲ್ಲಿ ಇರುವುದೆಲ್ಲ ತಟ್ಟೆಯಲ್ಲಿ ಕಾಣುವುದಿಲ್ಲ.

ಬ್ಯಾಕ್ಟೀರಿಯಾಗಳನ್ನು ಎಣಿಸುವುದು ಹೇಗೆಂದು ಮೊದಲು ನೋಡೋಣ. ಅವು ಕಣ್ಣಿಗೆ ಕಾಣುವಂಥವಲ್ಲ. ಆದ್ದರಿಂದ ಅವುಗಳಿಗೆ ಆಹಾರ ಬೆರೆಸಿದ ಗಟ್ಟಿ ಜೆಲ್ಲಿಯ ಮೇಲೆ ನೀರು ಹಾಕಿ, ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ದಿನ ಇಡುತ್ತಾರೆ. ಆ ಜೆಲ್ಲಿ ನಿಮಗೆ ಹೊಸದೇನಲ್ಲ. ರಮಝಾನಿನಲ್ಲಿ ಇಫ್ತಾರ್‌ಗೆ ಪುಡಿಂಗ್ ಮಾಡುವ ಚೈನಾ ಗ್ರಾಸ್ ಇದೆಯಲ್ಲ, ಅದೇ ಅಗರ್. ಅದು ಲ್ಯಾಬಿಗೆ ಹೋದದ್ದೂ ಅಡುಗೆ ಮನೆಯಿಂದಲೇ. 1881ರ ಹೊತ್ತಿಗೆ ಜರ್ಮನಿಯಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರ ಜೆಲಟಿನ್ ಬೇಸಗೆಯಲ್ಲಿ ಕರಗಿ ಹಾಳಾಗುತ್ತಿತ್ತು. ಅಗರ್ ಬಳಸಿ ನೋಡಿ ಎಂದು ಸಲಹೆ ಕೊಟ್ಟವರು ಅವರ ಪತ್ನಿ ಫ್ಯಾನಿ ಹೆಸ್ಸೆ. ತಮ್ಮ ಸಿಹಿ ತಿಂಡಿಗೆ ಅವರು ಅದನ್ನೇ ಬಳಸುತ್ತಿದ್ದರು.

ಜೆಲ್ಲಿಯ ಮೇಲೆ ಬಿದ್ದ ಒಂದು ಬ್ಯಾಕ್ಟೀರಿಯಾ ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ಅನುಕೂಲವಿದ್ದರೆ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆ ಲೆಕ್ಕದಲ್ಲಿ 7 ಗಂಟೆಗೆ ಒಂದು 20 ಲಕ್ಷವಾಗುತ್ತದೆ. ಮರುದಿನ ಅಲ್ಲಿ ಸಾಸಿವೆಯಷ್ಟು ಚುಕ್ಕೆ ಕಾಣುತ್ತದೆ. ಅದೇ ಕಲೊನಿ. ಒಂದು ತಟ್ಟೆಯಲ್ಲಿ 30ರಿಂದ 300 ಕಲೊನಿಗಳಿದ್ದರೆ ಎಣಿಕೆ ನಂಬಬಹುದು. ಅದಕ್ಕಿಂತ ಹೆಚ್ಚಾದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ತೀರಾ ಕಡಿಮೆಯಾದರೆ ಲೆಕ್ಕ ಅದೃಷ್ಟದ ಮಾತಾಗುತ್ತದೆ. ಕೆಲವು ಲ್ಯಾಬ್‌ಗಳು ತಟ್ಟೆಯ ಬದಲು ಗಾಜಿನ ಕೊಳವೆಗಳಲ್ಲಿ ಪರೀಕ್ಷಿಸಿ ‘ಎಂಪಿಎನ್’ ಎಂದು ಬರೆಯುತ್ತವೆ. ಅಲ್ಲಿಯೂ ನಿಯಮ ಒಂದೇ: ಬೆಳೆದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ತೊಡಕು ಇರುವುದು ಇಲ್ಲಿಯೇ. ಕ್ಲೋರಿನ್, ಬಿಸಿಲು, ಬಿಸಿ, ಉಪ್ಪು, ಹಸಿವು ಇವೆಲ್ಲ ಬ್ಯಾಕ್ಟೀರಿಯಾಕ್ಕೆ ಒತ್ತಡವೇ. ಒತ್ತಡ ಜೋರಾದರೆ ಅದು ಸಾಯುತ್ತದೆ. ಸಾಲದೇ ಹೋದರೆ ಗಾಯಗೊಂಡು ಬದುಕಿರುತ್ತದೆ, ಬೆಳೆಯುವುದಿಲ್ಲ. ಕೋಲಿಫಾರಂ ಪರೀಕ್ಷೆಯ ಜೆಲ್ಲಿಗೆ ಬೇರೆ ಜಾತಿಗಳು ಬೆಳೆಯದಿರಲೆಂದು ಪಿತ್ತರಸದ ಲವಣ ಸೇರಿಸುವುದುಂಟು. ಕರುಳಿನಲ್ಲೇ ಬಾಳುವ ಇ. ಕೋಲಿಗೆ ಪಿತ್ತರಸದಿಂದ ತೊಂದರೆಯಿಲ್ಲ. ಆದರೆ ಕ್ಲೋರಿನ್ನಿನಿಂದ ಅದರ ಹೊರಪೊರೆ ಹರಿದಿದ್ದರೆ ಅದೇ ಲವಣ ಅದಕ್ಕೆ ಉರಿಯುವ ಗಾಯಕ್ಕೆ ಉಪ್ಪು ಸವರಿದಂತೆ. ಅದು ಕಲೊನಿ ಕಟ್ಟುವುದಿಲ್ಲ, ವರದಿಯಲ್ಲಿ ಸೊನ್ನೆ ಬೀಳುತ್ತದೆ. ಅದೇ ನೀರಿನ ಬ್ಯಾಕ್ಟೀರಿಯಾಕ್ಕೆ ಲವಣವಿಲ್ಲದ ಆಹಾರ ಕೊಟ್ಟು ಕೆಲವು ಗಂಟೆ ಸುಧಾರಿಸಿಕೊಳ್ಳಲು ಬಿಟ್ಟರೆ, ಪೊರೆ ಸರಿಪಡಿಸಿಕೊಂಡು ಮತ್ತೆ ಬೆಳೆಯಬಲ್ಲದು. ಹೀಗೆ ಗಾಯಗೊಂಡವನ್ನೂ ಹಿಡಿಯಲೆಂದೇ ಅಮೆರಿಕದ ಲಿಶೆವಾಲಿಯರ್ ಮತ್ತು ಮ್ಯಾಕ್‌ಫೆಟರ್ಸ್ 1980ರ ದಶಕದಲ್ಲಿ ‘ಎಂ-ಟಿ7’ ಎಂಬ ಬೇರೆ ಅಗರ್ ರೂಪಿಸಿದರು.

ಕಾಲರಾದ ಬ್ಯಾಕ್ಟೀರಿಯಾ ಇನ್ನೂ ಚಾಣಾಕ್ಷ. ತಂಪು ನೀರಿನಲ್ಲಿ ಆಹಾರ ಸಿಗದೇ ಹೋದರೆ ಅದು ಕುಗ್ಗಿ ಚಿಕ್ಕದಾಗಿ, ಜೀವ ಹಿಡಿದುಕೊಂಡು ಕೂರುತ್ತದೆ. ಯಾವ ಮಾಮೂಲಿ ತಟ್ಟೆಯಲ್ಲೂ ಬೆಳೆಯುವುದಿಲ್ಲ. ರೀಟಾ ಕೊಲ್ವೆಲ್ ಮತ್ತು ಸಂಗಡಿಗರು 1982ರಲ್ಲಿ ಇದನ್ನು ತೋರಿಸಿದರು. ಇದೇ ಕೊಲ್ವೆಲ್ ತಂಡ ಮುಂದೆ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಲು ಹೆಣ್ಣುಮಕ್ಕಳಿಗೆ ಕಲಿಸಿತು. ಅಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಕಾಲರಾ ಬ್ಯಾಕ್ಟೀರಿಯಾ ನೀರಿನ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತದೆ, ಆ ಜೀವಿಗಳು ಬಟ್ಟೆಯಲ್ಲಿ ಉಳಿದುಬಿಡುತ್ತವೆ. ಹಾಗೆಂದು ಸೋಸಿದರೆ ಸಾಕು, ಕುದಿಸಬೇಕಿಲ್ಲ ಎಂದುಕೊಳ್ಳಬೇಡಿ. ಇ. ಕೋಲಿ ಬಟ್ಟೆಯ ನೂಲಿನ ನಡುವೆ ಸಲೀಸಾಗಿ ನುಸುಳುತ್ತದೆ.

ಈಗ ನಿಮ್ಮ ಬಾಟಲಿಯ ವಿಚಾರಕ್ಕೆ ಬರೋಣ. ಬ್ಲೀಚಿಂಗ್ ಹಾಕಿದ ಮರುದಿನದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಲ್ಯಾಬಿಗೆ ಹೋಗುವ ದಾರಿಯುದ್ದಕ್ಕೂ ಅದು ಬಾಟಲಿಯೊಳಗೆ ಕೆಲಸ ಮಾಡುತ್ತಲೇ ಇರುತ್ತದೆ. ನಿಮ್ಮ ಬಾವಿಯ ನೀರಿಗಿಂತ ಬಾಟಲಿಯ ನೀರು ಶುದ್ಧವಾಗಿ ಲ್ಯಾಬ್ ತಲುಪುತ್ತದೆ! ಇದನ್ನು ತಡೆಯಲು ಲ್ಯಾಬಿನ ಬಾಟಲಿಯಲ್ಲಿ ಸೋಡಿಯಂ ಥಯೋಸಲ್ಫೇಟ್ ಎಂಬ ಪುಡಿ ಹಾಕಿರುತ್ತಾರೆ. ಅದು ಕ್ಲೋರಿನ್ನನ್ನು ಅಲ್ಲಿಗೇ ನಿಲ್ಲಿಸುತ್ತದೆ. ಆದ್ದರಿಂದ ತಂಪು ಪಾನೀಯದ ಖಾಲಿ ಬಾಟಲಿ ಬೇಡ, ಲ್ಯಾಬಿನಿಂದಲೇ ಬಾಟಲಿ ಕೇಳಿ ತನ್ನಿ. ಒಳ್ಳೆಯ ಉದ್ದೇಶದಿಂದಲೇ ಅದನ್ನು ತೊಳೆಯುವವರಿದ್ದಾರೆ. ತೊಳೆಯಬೇಡಿ, ಪುಡಿ ಹೋಗುತ್ತದೆ. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಿಸಬೇಡಿ, ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿಸಿ. ನಲ್ಲಿಯಿಂದ ಹಿಡಿಯುವುದಾದರೆ ಎರಡು ಮೂರು ನಿಮಿಷ ನೀರು ಹರಿಯಬಿಡಿ. ಬಾಟಲಿಯನ್ನು ಸ್ಕೂಟರಿನ ಮುಂದೆ ಬಿಸಿಲಿಗೆ ನೇತುಹಾಕಿಕೊಂಡು ಹೋಗದೆ, ಐಸ್ ಇರುವ ಡಬ್ಬಿಯಲ್ಲಿಟ್ಟು ಅಂದೇ ತಲುಪಿಸಿ. ಆರು ಗಂಟೆಯೊಳಗಾದರೆ ಉತ್ತಮ, 24 ಗಂಟೆ ಮೀರಲೇಬಾರದು.

ಬಾವಿಯ ನಿಜ ಸ್ಥಿತಿ ತಿಳಿಯಬೇಕಿದ್ದರೆ ಬ್ಲೀಚಿಂಗ್ ಹಾಕುವ ಮೊದಲೇ ನೀರು ತೆಗೆಯಿರಿ. ಇಲ್ಲವೇ ಕ್ಲೋರಿನ್ ಪೂರ್ತಿ ಹೋದ ಮೇಲೆ, ವಾರ ಹತ್ತು ದಿನ ಬಿಟ್ಟು ತೆಗೆಯಿರಿ. ಬ್ಲೀಚಿಂಗ್ ಹಾಕಿದ್ದರೆ ಎಂದು ಹಾಕಿದ್ದೆಂದು ಲ್ಯಾಬಿನವರಿಗೆ ಹೇಳಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ. ಕೋಲಿ ಒಂದೂ ಇರಬಾರದು. ಒಂದೇ ಸೊನ್ನೆಯನ್ನು ನಂಬಿ ಕೂರದೆ, ಮಳೆಗಾಲದಲ್ಲಿ ಮತ್ತೊಮ್ಮೆ ಪರೀಕ್ಷಿಸಿ. ಬಾವಿಯ ಪಕ್ಕದಲ್ಲೇ ಶೌಚದ ಗುಂಡಿಯಿದ್ದರೆ ಎಷ್ಟು ಬ್ಲೀಚಿಂಗ್ ಸುರಿದರೂ ಕ್ಲೋರಿನ್ ಆರಿದ ಮೇಲೆ ಕೊಳೆ ಮತ್ತೆ ಒಸರುತ್ತದೆ.

ಮಸೀದಿಯ ಜಮಾಅತಿನವರಿಗೂ ಒಂದು ಮಾತು. ಬಣ್ಣ, ವಾಸನೆ, ರುಚಿ ಕೆಡದ ಬಾವಿ ನೀರಿನಲ್ಲಿ ವುಝೂ ಮಾಡುತ್ತೇವೆ, ಸರಿಯೇ. ಆದರೆ ಇ. ಕೋಲಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವುಝೂಗೆ ಸಲ್ಲುವ ನೀರು ಮದ್ರಸದ ಮಕ್ಕಳು ಕುಡಿಯಲೂ ಸಲ್ಲುತ್ತದೆ ಎನ್ನುವಂತಿಲ್ಲ. ಹೌಝಿನ ನಲ್ಲಿಗೇ ಬಾಯಿ ಹಚ್ಚುವ ಮಕ್ಕಳಿಗೆ ಕುದಿಸಿದ ನೀರಿನ ಬೇರೆ ಪಾತ್ರೆ ಇಡಿ. ನೀರು ಗುಳ್ಳೆಯೆದ್ದು ಒಂದು ನಿಮಿಷ ಚೆನ್ನಾಗಿ ಕುದಿದರೆ ಗಾಯಗೊಂಡದ್ದೂ ಅಡಗಿ ಕುಳಿತ ಕಾಲರಾ ರೋಗಾಣುವೂ ಸಾಯುತ್ತವೆ. ಬಿಸಿಯಾದೊಡನೆ ಇಳಿಸಿದರೆ ಅವುಗಳಿಗೆ ಅದು ಇನ್ನೊಂದು ಒತ್ತಡ, ಅಷ್ಟೇ. ಆರಿದ ನೀರನ್ನು ಅದೇ ಪಾತ್ರೆಯಲ್ಲಿ ಮುಚ್ಚಿಡಿ. ಪಾತ್ರೆಗಳನ್ನು ಮುಚ್ಚಿಡಲು ಪ್ರವಾದಿ(ಸ)ರು ಹೇಳಿದ್ದು ನಿಮಗೆ ಗೊತ್ತೇ ಇದೆ. ಲೋಟವನ್ನು ಒಳಗೆ ಅದ್ದದೆ, ಹಿಡಿಯಿರುವ ಸೌಟಿನಿಂದ ಎತ್ತಿಕೊಡಿ.