ಲಾರಿಯ ಎಂಜಿನ್ ಎಣ್ಣೆಗೆ ವಯಸ್ಸಾಗುವುದು ಯಾವಾಗ?

ಬಣಕಲ್ಲಿನಿಂದ ಕೊಟ್ಟಿಗೆಹಾರದ ಕಡೆಗೆ ಸಾಗುವ ಹೆದ್ದಾರಿಯ ಬದಿಯಲ್ಲಿ ನಿಂತು ನೋಡಿದರೆ ಎರಡು ಬಗೆಯ ಲಾರಿಗಳು ಕಣ್ಣಿಗೆ ಬೀಳುತ್ತವೆ. ಒಂದು, ಕಾಫಿಯ ಮೂಟೆಗಳನ್ನು ಹೇರಿಕೊಂಡು ಚಿಕ್ಕಮಗಳೂರು, ಹಾಸನಗಳ ಕ್ಯೂರಿಂಗ್ ವರ್ಕ್ಸ್‌ಗಳಿಗೆ ದೂರದ ದಾರಿ ಹಿಡಿಯುವಂಥದು. ಇನ್ನೊಂದು, ತೋಟದಿಂದ ಕಣಕ್ಕೆ, ಕಣದಿಂದ ಊರಿಗೆ ಹಣ್ಣನ್ನೋ ಗೊಬ್ಬರವನ್ನೋ ಸೌದೆಯನ್ನೋ ಹೊತ್ತು ನಾಲ್ಕಾರು ಕಿಲೋಮೀಟರುಗಳ ಒಳಗೇ ಸುತ್ತುವಂಥದು.

ನನ್ನ ದೊಡ್ಡಪ್ಪನವರಲ್ಲಿ ಈ ಎರಡು ಬಗೆಯವೂ ಒಂದೊಂದು ಇವೆ. ಒಂದೇ ವರ್ಷ ಕೊಂಡವು; ಎಂಜಿನ್ನೂ ಒಂದೇ ಮಾದರಿಯದು. ಎರಡಕ್ಕೂ 15,000 ಕಿಲೋಮೀಟರಿಗೊಮ್ಮೆ ತಪ್ಪದೆ ಎಣ್ಣೆ ಬದಲಿಸುತ್ತ ಬಂದಿದ್ದರು. ಹೀಗಿದ್ದೂ ಒಂದು ಕೊಯ್ಲಿನ ಕಾಲದಲ್ಲಿ ತೋಟದ ಲಾರಿ ಏರಿನಲ್ಲಿ ಕಟಕಟನೆ ಸದ್ದುಮಾಡಿ ನಿಂತುಹೋಯಿತು. ಬಿಚ್ಚಿ ನೋಡಿದಾಗ ಬೇರಿಂಗುಗಳು ತೇದಿದ್ದವು. ಎಣ್ಣೆಯ ಚೇಂಬರಿನ ತಳದಲ್ಲಿ ಕೆಸರಿನಂಥ ಕಪ್ಪು ಗಸಿ ಕೂತಿತ್ತು. ಹಣ್ಣು ಗಿಡದಲ್ಲಿಯೇ ಒಣಗುತ್ತಿದ್ದ ದಿನಗಳಲ್ಲಿ ಮೂರು ವಾರ ಬಾಡಿಗೆಯ ಗಾಡಿಗಾಗಿ ಅಲೆಯಬೇಕಾಯಿತು. “ಕಡಿಮೆ ಓಡಿದ ಗಾಡಿಯೇ ಮೊದಲು ಕೆಟ್ಟಿತಲ್ಲ ಮಾರಾಯ, ನಿನ್ನ ಫಿಸಿಕ್ಸು ಇದಕ್ಕೇನು ಹೇಳುತ್ತದೆ?” ಎಂದು ಅವರು ನನ್ನನ್ನು ಕೇಳಿದರು. ಬೇರಿಂಗು ತೇಯುವುದಕ್ಕೆ ಕಾರಣಗಳು ಹಲವು ಇರಬಹುದು. ಆದರೆ ಆ ಗಸಿ ಎಣ್ಣೆಯ ಕಡೆಗೇ ಬೊಟ್ಟು ಮಾಡುತ್ತಿತ್ತು. ಅವರ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಹುಡುಕೋಣ.

ಎಣ್ಣೆ ಮಾಡುವ ಕೆಲಸ

ಎಂಜಿನ್ನಿನಲ್ಲಿ ಕ್ರ್ಯಾಂಕ್ ಷಾಫ್ಟು ಬೇರಿಂಗಿನೊಳಗೆ ಸುತ್ತುತ್ತದೆ. ಲೋಹಕ್ಕೆ ಲೋಹ ತಾಗಿ ಸುತ್ತಿದ್ದರೆ ಅದು ಕೆಲವೇ ನಿಮಿಷಗಳಲ್ಲಿ ಕಾದು ಕಚ್ಚಿಕೊಳ್ಳುತ್ತಿತ್ತು. ಅವೆರಡರ ನಡುವೆ ಎಣ್ಣೆಯ ತೆಳುಪದರವೊಂದು ಇರುವುದರಿಂದಲೇ ಅದು ಬದುಕಿದೆ. ಈ ಪದರದ ದಪ್ಪ ಕೆಲವು ಮೈಕ್ರಾನುಗಳು ಮಾತ್ರ. ನಮ್ಮ ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆಯಿರುವುದುಂಟು.

ಇಷ್ಟು ತೆಳುವಾದ ಪದರ ಅಷ್ಟು ಭಾರವನ್ನು ಹೊರುವುದು ಹೇಗೆ? 1883ರಲ್ಲಿ ಇಂಗ್ಲೆಂಡಿನ ಬ್ಯೂಚಾಂಪ್ ಟವರ್ ಎಂಬ ಎಂಜಿನಿಯರನು ರೈಲುಗಾಡಿಯ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಬೇರಿಂಗಿನ ನೆತ್ತಿಗೆ ಅವನು ಕೊರೆದಿದ್ದ ತೂತಿನಿಂದ ಎಣ್ಣೆ ಮೇಲಕ್ಕೆ ಉಕ್ಕತೊಡಗಿತು. ಬಿರಡೆ ಜಡಿದರೆ ಬಿರಡೆಯನ್ನೇ ಹೊರಕ್ಕೆ ತಳ್ಳಿತು. ಸುತ್ತುವ ದಂಡವು ಎಣ್ಣೆಯನ್ನು ತನ್ನೊಡನೆ ಎಳೆದುಕೊಂಡು ಇಕ್ಕಟ್ಟಾಗುತ್ತ ಹೋಗುವ ಸಂದಿಗೆ ನುಗ್ಗಿಸುತ್ತದೆ. ಅಲ್ಲಿ ಒತ್ತಡವೇರಿ ದಂಡವನ್ನೇ ಎತ್ತಿಹಿಡಿಯುತ್ತದೆ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸನು ಇದರ ಗಣಿತವನ್ನು ಬಿಡಿಸಿಟ್ಟನು. ಮಲೆನಾಡಿನ ಮಳೆಗಾಲದಲ್ಲಿ ಗಾಡಿ ಓಡಿಸುವವರಿಗೆ ಇದು ಹೊಸದಲ್ಲ. ನೀರು ನಿಂತ ಡಾಂಬರಿನ ಮೇಲೆ ವೇಗವಾಗಿ ಹೋದರೆ ಗಾಲಿ ನೀರಿನ ಪದರದ ಮೇಲೇರಿ ರಸ್ತೆಯ ಹಿಡಿತ ತಪ್ಪುವುದು. ರಸ್ತೆಯ ಮೇಲೆ ಅಪಾಯವಾದ ಈ ಸಂಗತಿಯೇ ಬೇರಿಂಗಿನೊಳಗೆ ರಕ್ಷಣೆಯಾಗಿದೆ.

ಪದರ ಹರಿಯದಿರಬೇಕಾದರೆ ಎಣ್ಣೆಗೆ ತಕ್ಕಷ್ಟು ಸ್ನಿಗ್ಧತೆ, ಎಂದರೆ ಹರಿಯುವುದಕ್ಕೆ ಒಡ್ಡುವ ಪ್ರತಿರೋಧ, ಇರಬೇಕು. ಲಾರಿಗಳಿಗೆ ಸಾಮಾನ್ಯವಾಗಿ ಹಾಕುವ 15ಡಬ್ಲ್ಯೂ-40 ಎಂಬ ಎಣ್ಣೆಯ ಸ್ನಿಗ್ಧತೆಯು 40 ಡಿಗ್ರಿ ಸೆಲ್ಸಿಯಸಿನಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಸುಮಾರು ಏಳರಲ್ಲೊಂದು ಪಾಲಿಗೆ ಇಳಿಯುತ್ತದೆ. ಆ ಇಳಿದ ಸ್ನಿಗ್ಧತೆಯಲ್ಲಿಯೂ ಪದರ ಉಳಿಯುವಂತೆ ಎಂಜಿನ್ನನ್ನು ರಚಿಸಿರುತ್ತಾರೆ. ಅದಕ್ಕಿಂತ ತೆಳುವಾದರೆ ಅಪಾಯ. ಹೊಗೆಮಸಿ ಸೇರಿ ಮಂದವಾದರೆ ಎಣ್ಣೆ ಸಂದುಗೊಂದುಗಳಿಗೆ ಬೇಗ ತಲುಪದು.

ಎಣ್ಣೆ ಕೆಡುವ ಬಗೆ

ಎಣ್ಣೆ ಸವೆಯುವುದಕ್ಕಿಂತ ಹೆಚ್ಚಾಗಿ ಕೊಳೆಯಾಗುತ್ತದೆ. ಈ ಕೊಳೆಗೆ ನಾಲ್ಕು ಮೂಲಗಳುಂಟು.

ಮೊದಲನೆಯದು ನೀರು. ಒಂದು ಲೀಟರ್ ಡೀಸೆಲ್ ಉರಿದಾಗ ಅದರಲ್ಲಿನ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ಸುಮಾರು ಒಂದು ಲೀಟರ್ ನೀರಾಗುತ್ತದೆ. ಇದರ ಬಹುಭಾಗ ಆವಿಯಾಗಿ ಹೊಗೆಕೊಳವೆಯಿಂದ ಹೊರಹೋಗುವುದು. ಸ್ವಲ್ಪಭಾಗ ಮಾತ್ರ ಪಿಸ್ಟನ್ ಬಳೆಗಳನ್ನು ದಾಟಿ ಕೆಳಗಿನ ಚೇಂಬರಿಗೆ ಇಳಿಯುವುದು. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದೂ ಆವಿಯಾಗಿ ಹಾರಿಹೋಗುತ್ತದೆ. ನಾಲ್ಕು ಕಿಲೋಮೀಟರ್ ಓಡಿ ನಿಂತುಬಿಡುವ ಗಾಡಿಯಲ್ಲಿ ಅದು ಅಲ್ಲಿಯೇ ಹನಿಗಟ್ಟುತ್ತದೆ. ಆಷಾಢದ ಥಂಡಿಯಲ್ಲಿ ಎಣ್ಣೆಯ ಮುಚ್ಚಳ ತೆಗೆದರೆ ಒಳಗೆ ಹಾಲಿನ ಕೆನೆಯಂಥ ಬಿಳಿಯ ಲೇಪ ಕಾಣುವುದು ಇದರಿಂದಲೇ. ಆದರೆ ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಅದು ಥಂಡಿಯ ನೀರಲ್ಲ, ಒಳಸೋರಿಕೆ; ಕೂಡಲೇ ಮೆಕ್ಯಾನಿಕ್ಕಿಗೆ ತೋರಿಸತಕ್ಕದ್ದು.

ಎರಡನೆಯದು ಹೊಗೆಮಸಿ. ಡೀಸೆಲ್ ಎಂಜಿನ್ನಿಗೆ ಹಾಕಿದ ಹೊಸ ಎಣ್ಣೆ ಬಲುಬೇಗನೆ ಕಪ್ಪಾಗುತ್ತದೆ. “ಕಪ್ಪಾಯಿತು, ಆದ್ದರಿಂದ ಕೆಟ್ಟಿತು” ಎಂಬುದು ತಪ್ಪು ಕಲ್ಪನೆ. ಮಸಿಯ ಕಣಗಳು ಒಂದಕ್ಕೊಂದು ಅಂಟಿ ಗಸಿಯಾಗದಂತೆ ಬಿಡಿಬಿಡಿಯಾಗಿ ತೇಲಿಸಿಟ್ಟುಕೊಳ್ಳುವ ದ್ರವ್ಯವನ್ನು ಎಣ್ಣೆಗೆ ಬೆರೆಸಿರುತ್ತಾರೆ. ಎಣ್ಣೆ ಕಪ್ಪಾಗುವುದು ಆ ದ್ರವ್ಯ ತನ್ನ ಕೆಲಸ ಮಾಡುತ್ತಿರುವುದರ ಗುರುತು. ಅದರ ಶಕ್ತಿ ತೀರಿದ ಮೇಲೆ ಮಸಿ ಮುದ್ದೆಗಟ್ಟುತ್ತದೆ. ಅಪಾಯವಿರುವುದು ಅಲ್ಲಿ.

ಮೂರನೆಯದು ಆಮ್ಲ. ಡೀಸೆಲಿನ ಗಂಧಕ ಉರಿದು ನೀರಿನೊಡನೆ ಸೇರಿದರೆ ಗಂಧಕಾಮ್ಲವಾಗುತ್ತದೆ. ಇದನ್ನು ತಟಸ್ಥಗೊಳಿಸಲು ಎಣ್ಣೆಯಲ್ಲಿ ಕ್ಷಾರದ ದಾಸ್ತಾನನ್ನು ಇಟ್ಟಿರುತ್ತಾರೆ. ದಿನದಿನಕ್ಕೂ ಅದು ಖರ್ಚಾಗುತ್ತ ಹೋಗುತ್ತದೆ. 2020ರ ಏಪ್ರಿಲಿನಿಂದ ದೇಶದಲ್ಲೆಲ್ಲ ಬಂದ ಭಾರತ್ ಸ್ಟೇಜ್-6 ಡೀಸೆಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಪಾಲು. 1990ರ ದಶಕದ ಆರಂಭದಲ್ಲಿ ಅದು ನೂರಕ್ಕೆ ಒಂದು ಪಾಲಿನವರೆಗೂ ಇರಬಹುದಾಗಿತ್ತು. ಎಣ್ಣೆ ಬದಲಿಸುವ ಅವಧಿ ಈಚೆಗೆ ದೀರ್ಘವಾಗಿರುವುದಕ್ಕೆ ಇದೂ ಒಂದು ಕಾರಣ.

ನಾಲ್ಕನೆಯದು ಕಾವು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಎಣ್ಣೆ ಆಮ್ಲಜನಕದೊಡನೆ ಕೂಡಿ ಹಳಸುವ ವೇಗ ಸುಮಾರು ಇಮ್ಮಡಿಯಾಗುತ್ತದೆ. ಚಾರ್ಮಾಡಿ ಘಾಟಿಯನ್ನು ಹತ್ತುವ ಲಾರಿಯನ್ನು ನೋಡಿ. ಸರಕೂ ಸೇರಿ ಅದರ ತೂಕ 12 ಟನ್, ಏರುವ ಎತ್ತರ 700 ಮೀಟರ್ ಎಂದಿಟ್ಟುಕೊಳ್ಳೋಣ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ಸುಮಾರು 8 ಕೋಟಿ 20 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಲೀಟರ್ ಡೀಸೆಲಿನಿಂದ ಎಂಜಿನ್ ಹೊರತೆಗೆಯಬಲ್ಲ ಉಪಯುಕ್ತ ಶಕ್ತಿ ಸುಮಾರು 1 ಕೋಟಿ 37 ಲಕ್ಷ ಜೂಲ್. ಅಂದರೆ ಬರಿಯ ಎತ್ತುವಿಕೆಗೇ ಆರು ಲೀಟರ್ ಬೇಕಾಯಿತು. ಅದೇ ಹೊತ್ತಿನಲ್ಲಿ ಇದರ ಒಂದೂವರೆ ಪಾಲಿಗಿಂತಲೂ ಹೆಚ್ಚು ಶಕ್ತಿ ಬರಿಯ ಕಾವಾಗಿ ಪೋಲಾಗುತ್ತದೆ. ಅದರಲ್ಲೊಂದು ಭಾಗವನ್ನು ಎಣ್ಣೆಯೇ ಹೊರಬೇಕು. ಇಳಿಯುವಾಗ ಡೀಸೆಲ್ ಹೆಚ್ಚು ಉರಿಯದು. ಆದರೆ ಗೇರಿನ ಹಿಡಿತದಲ್ಲಿ ಇಳಿಸುವುದರಿಂದ ಎಂಜಿನ್ನಿನ ಸುತ್ತು ತಗ್ಗುವುದಿಲ್ಲ.

ಮೈಲಿಗಲ್ಲು ಹೇಳದ ಲೆಕ್ಕ

ಈಗ ದೊಡ್ಡಪ್ಪನವರ ಲಾರಿಗಳಿಗೆ ಬರೋಣ. ದೂರದ ಲಾರಿಯ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರ್. 15,000 ಕಿಲೋಮೀಟರಿಗೆ ಅದರ ಎಂಜಿನ್ ಓಡುವುದು 375 ಗಂಟೆ. ತೋಟದ ಲಾರಿಯು ಮೂಟೆ ಹೇರುವಾಗ ನಿಂತಲ್ಲೇ ಓಡುವುದೂ ಸೇರಿದರೆ ಅದರ ಸರಾಸರಿ ಗಂಟೆಗೆ 12 ಕಿಲೋಮೀಟರಿಗೆ ಮೀರದು. ಅಷ್ಟೇ ದೂರಕ್ಕೆ ಅದರ ಎಂಜಿನ್ ಓಡಿದ್ದು 1,250 ಗಂಟೆ! ಗಂಟೆಯ ಲೆಕ್ಕದಲ್ಲಿ ಅದರ ಎಣ್ಣೆಯನ್ನು 4,500 ಕಿಲೋಮೀಟರಿಗೇ ಬದಲಿಸಬೇಕಾಗಿತ್ತು.

ಈ ಲೆಕ್ಕ ತುಸು ಕಠಿಣವಾಯಿತೆಂದು ಒಪ್ಪಬೇಕು. ನಿಂತು ಓಡುವ ಎಂಜಿನ್ ಉರಿಸುವ ಡೀಸೆಲ್ ಕಡಿಮೆ. ಆದುದರಿಂದ ಡೀಸೆಲಿನ ಲೆಕ್ಕವನ್ನೂ ನೋಡೋಣ. ದೂರದ ಲಾರಿ ಲೀಟರಿಗೆ 5 ಕಿಲೋಮೀಟರಿನಂತೆ 3,000 ಲೀಟರ್ ಉರಿಸಿದ ಮೇಲೆ ಹೊಸ ಎಣ್ಣೆ ಪಡೆಯುತ್ತದೆ. ಲೀಟರಿಗೆ 3 ಕಿಲೋಮೀಟರ್ ಮಾತ್ರ ಕೊಡುವ ತೋಟದ ಲಾರಿ ಅಷ್ಟು ಡೀಸೆಲನ್ನು 9,000 ಕಿಲೋಮೀಟರಿನಲ್ಲೇ ಉರಿಸಿಬಿಟ್ಟಿರುತ್ತದೆ. ನಿಜವಾದ ಅವಧಿ ಈ ಎರಡರ ನಡುವೆ ಇರಬೇಕು. 15,000 ಎಂಬುದು ಹೇಗೆ ನೋಡಿದರೂ ಹೆಚ್ಚಾಯಿತು. ಗಾಡಿ ಕಡಿಮೆ ಓಡಿತ್ತೆಂಬುದು ನಿಜ. ಎಂಜಿನ್ ಕಡಿಮೆ ಓಡಿರಲಿಲ್ಲ.

ತಯಾರಕರ ಕೈಪಿಡಿಗಳಲ್ಲಿ ಕಿಲೋಮೀಟರಿನ ಜೊತೆಗೆ ಗಂಟೆಯನ್ನೋ ತಿಂಗಳನ್ನೋ ನಮೂದಿಸಿ “ಯಾವುದು ಮೊದಲೋ ಅದು” ಎಂದು ಬರೆದಿರುವುದರ ಅರ್ಥವೂ ಇದೇ. ಹಗುರ ಕೆಲಸಕ್ಕೆ, ಕಠಿಣ ಕೆಲಸಕ್ಕೆ ಬೇರೆಬೇರೆ ಅವಧಿ ಕೊಟ್ಟಿದ್ದರೆ ಮಲೆನಾಡಿನವರು ಎರಡನೆಯದನ್ನೇ ಓದಿಕೊಳ್ಳಬೇಕು. ಹೊಸ ಲಾರಿಗಳ ಕೈಪಿಡಿಯಲ್ಲಿ ಹಲವು ಹತ್ತು ಸಾವಿರ ಕಿಲೋಮೀಟರಿನ ಅವಧಿ ಕಂಡರೆ, ಅದು ಆ ಎಂಜಿನ್ನಿಗೆಂದೇ ಹೇಳಿದ ಎಣ್ಣೆಗೆ ಮಾತ್ರ ಸಲ್ಲುತ್ತದೆ. ಸ್ಟೇಜ್-6 ಎಂಜಿನ್ನಿಗೆ ಹಳೆಯ ದರ್ಜೆಯ ಎಣ್ಣೆ ಹಾಕಿದರೆ ಅದರ ಬೂದಿಯಿಂದ ಹೊಗೆ ಶೋಧಿಸುವ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಮನೆಯಲ್ಲಿಯೇ ಎರಡು ಪರೀಕ್ಷೆಗಳು

1940ರ ದಶಕದಲ್ಲಿಯೇ ಅಮೆರಿಕದ ರೈಲ್ವೆಯವರು ಹಳೆಯ ಎಣ್ಣೆಯ ರೋಹಿತವನ್ನು ಪರೀಕ್ಷಿಸಿ, ಅದರಲ್ಲಿನ ಲೋಹದ ಅಂಶದಿಂದ ಎಂಜಿನ್ನಿನ ಸವೆತವನ್ನು ಕಂಡುಹಿಡಿಯತೊಡಗಿದರು. ಇಂದು ಪ್ರಯೋಗಶಾಲೆಗಳಲ್ಲಿ ಮಸಿ, ಕ್ಷಾರ, ಸ್ನಿಗ್ಧತೆ ಎಲ್ಲವನ್ನೂ ಅಳೆದುಕೊಡುತ್ತಾರೆ. ಆ ಅನುಕೂಲವಿಲ್ಲದವರು ಸರಳವಾದ ಎರಡು ಪರೀಕ್ಷೆಗಳನ್ನು ಮಾಡಬಹುದು. ಕಾದ ಎಂಜಿನ್ನನ್ನು ನಿಲ್ಲಿಸಿ ಗೇಜ್ ಕಡ್ಡಿಯಿಂದ ಒಂದು ಹನಿಯನ್ನು ಶೋಧಕಾಗದದ ಮೇಲೆ ಬಿಟ್ಟು ಒಂದು ದಿನ ಒಣಗಿಸಿ. ಮಸಿ ಅಂಚಿನವರೆಗೆ ಸಮನಾಗಿ ಹರಡಿದ್ದರೆ ಎಣ್ಣೆಗೆ ಇನ್ನೂ ಶಕ್ತಿಯಿದೆ. ನಡುವೆ ದಟ್ಟ ಕಪ್ಪು ಬೊಟ್ಟು ಉಳಿದು ಸುತ್ತ ಬರಿಯ ಎಣ್ಣೆಯ ಉಂಗುರವಿದ್ದರೆ ಅದರ ಕಾಲ ಮುಗಿಯಿತು. ಇನ್ನು, ಚೆನ್ನಾಗಿ ಕಾದ ಕಬ್ಬಿಣದ ತಗಡಿನ ಮೇಲೆ, ಮುಖವನ್ನು ದೂರವಿಟ್ಟು, ಒಂದು ಹನಿ ಬಿಡಿ. ಚಟಪಟ ಸದ್ದಾದರೆ ಎಣ್ಣೆಯಲ್ಲಿ ನೀರಿದೆ. ಇವು ಎಚ್ಚರಿಕೆಯ ಗುರುತುಗಳು ಮಾತ್ರ. ಕೈಪಿಡಿಯ ಗಡುವನ್ನು ಮೀರಲು ಇವು ಅಪ್ಪಣೆಯಲ್ಲ.

ಹಳೆಯ ಎಣ್ಣೆ ಎಲ್ಲಿಗೆ?

ಹಾಗಾದರೆ ತಿಂಗಳಿಗೊಮ್ಮೆ ಬದಲಿಸಿಬಿಟ್ಟರಾಯಿತಲ್ಲ ಎನ್ನಬಹುದು. ಅದು ಹಣದ ಪೋಲು; ಅಷ್ಟೇ ಅಲ್ಲ, ತೆಗೆದ ಎಣ್ಣೆಯ ಪ್ರಶ್ನೆಯೂ ಉಂಟು. ಗೆದ್ದಲು ಹಿಡಿಯದಿರಲೆಂದು ಬೇಲಿಯ ಗೂಟಗಳಿಗೆ ಅದನ್ನು ಬಳಿಯುವ, ಉಳಿದದ್ದನ್ನು ಚರಂಡಿಗೆ ಚೆಲ್ಲುವ ವಾಡಿಕೆ ನಮ್ಮಲ್ಲಿದೆ. ಬಳಸಿದ ಎಣ್ಣೆಯಲ್ಲಿ ಲೋಹದ ಕಣಗಳೂ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳೂ ಇರುತ್ತವೆ. ಅದರ ಒಂದು ಲೀಟರ್ ಹತ್ತು ಲಕ್ಷ ಲೀಟರ್ ಕುಡಿಯುವ ನೀರನ್ನು ಕೆಡಿಸಬಲ್ಲದೆಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಎಣಿಕೆ. ಇದೇ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹೇಮಾವತಿ ಹುಟ್ಟುತ್ತಾಳೆ. ಇಲ್ಲಿನ ಹಳ್ಳಕ್ಕೆ ಚೆಲ್ಲಿದ್ದು ಕೆಳಗಿನ ಊರುಗಳ ನೀರಿಗೆ ಸೇರುತ್ತದೆ. 2016ರ ನಿಯಮಗಳಂತೆ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಅದನ್ನು ಶುದ್ಧಿಮಾಡಿ ಮರುಬಳಕೆಗೆ ತರುವ ಅಧಿಕೃತ ಸಂಗ್ರಾಹಕರಿಗೇ ಕೊಡತಕ್ಕದ್ದು.

ದೊಡ್ಡಪ್ಪನವರಿಗೆ ನಾನು ಕೊಟ್ಟ ಸಲಹೆ ಇಷ್ಟು. ತೋಟದ ಲಾರಿಯಲ್ಲಿ ಒಂದು ಪುಸ್ತಕವಿಟ್ಟು ಎಂಜಿನ್ ಓಡಿದ ಗಂಟೆಯನ್ನೂ ತುಂಬಿಸಿದ ಡೀಸೆಲನ್ನೂ ಬರೆಯಬೇಕು. 6,000 ಕಿಲೋಮೀಟರಿಗೆ ಎಣ್ಣೆಯನ್ನೂ ಫಿಲ್ಟರನ್ನೂ ಒಟ್ಟಿಗೆ ಬದಲಿಸಬೇಕು. ಗಾಡಿ ಅಷ್ಟು ಓಡದಿದ್ದರೂ ಮಳೆಗಾಲ ಮುಗಿದೊಡನೆ, ಕೊಯ್ಲಿಗೆ ಮುಂಚೆ, ಒಮ್ಮೆ ಬದಲಿಸಬೇಕು. ವಾರಕ್ಕೊಮ್ಮೆಯಾದರೂ ಅದನ್ನು ಮೂಡಿಗೆರೆಯವರೆಗೆ ಓಡಿಸಿ ಎಣ್ಣೆಯ ನೀರನ್ನು ಆರಿಸಬೇಕು. ದೂರದ ಲಾರಿ ಘಾಟಿ ಹತ್ತಿದ ದಿನ, ಚಾಲಕನು ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಇಳಿಯುವ ಮುನ್ನ ಎಂಜಿನ್ನನ್ನು ಎರಡು ಮೂರು ನಿಮಿಷ ಸುಮ್ಮನೆ ಓಡಲು ಬಿಡಬೇಕು. ಟರ್ಬೋ ತಣ್ಣಗಾಗುವ ಮೊದಲೇ ನಿಲ್ಲಿಸಿದರೆ ಅದರೊಳಗಿನ ಎಣ್ಣೆ ಕರಿಕಟ್ಟುತ್ತದೆ. ಅವರು ಎಲ್ಲವನ್ನೂ ಕೇಳಿ, ಹಾಲಿನ ಲೆಕ್ಕ ಬರೆಯುತ್ತಿದ್ದ ಹಳೆಯ ನೋಟುಪುಸ್ತಕದ ಹಿಂಬದಿಯಲ್ಲಿ ಮೂರು ಕಲಮುಗಳನ್ನು ಗೆರೆ ಎಳೆದರು: ಕಿಲೋಮೀಟರ್, ಗಂಟೆ, ಡೀಸೆಲ್.