ಎಸ್ಕಂಬಿನ ಪ್ರಾಚೀನ ಚರ್ಚು ಮತ್ತು ಅದರ ಸಂರಕ್ಷಣೆ

ಉತ್ತರ ಇಂಗ್ಲೆಂಡಿನ ಡರ್ಹಮ್ ಸೀಮೆಯಲ್ಲಿ, ವಿಯರ್ ನದಿಗೆ ಸಮೀಪದಲ್ಲಿರುವ ಎಸ್ಕಂಬ್ ಎಂಬ ಹಳ್ಳಿಯ ಚರ್ಚು ಆಂಗ್ಲೋ-ಸ್ಯಾಕ್ಸನ್ ಕಾಲದ್ದು. ಇದು ಕ್ರಿ.ಶ. 7ನೆಯ ಶತಮಾನದ ಉತ್ತರಾರ್ಧದ ರಚನೆಯೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ ಕಟ್ಟಿಸಿದವರ ಹೆಸರನ್ನು ಹೇಳುವ ಶಾಸನವಾಗಲಿ ದಾಖಲೆಯಾಗಲಿ ದೊರೆತಿಲ್ಲ. ಅದೇ ಸೀಮೆಯ ಮಠದಲ್ಲಿ ಬಾಳಿದ ಇತಿಹಾಸಕಾರ ಬೀಡ್ ಕೂಡ ಇದನ್ನು ಹೆಸರಿಸಿಲ್ಲ. ಹೀಗಾಗಿ ಇಲ್ಲಿ ಕಟ್ಟಡವೇ ಮುಖ್ಯ ಆಕರ.

ಆ ಆಕರವನ್ನು ಓದಲು ತೊಡಗಿದರೆ ಮೊದಲು ಕಾಣುವುದು ಅದಕ್ಕಿಂತಲೂ ಹಳೆಯದಾದ ಇನ್ನೊಂದು ಕಟ್ಟಡ. ಇದರ ಕಲ್ಲುಗಳು ಸಮೀಪದ ಬಿಂಚೆಸ್ಟರಿನ ಪಾಳುಬಿದ್ದ ರೋಮನ್ ಕೋಟೆಯಿಂದ ಬಂದವು. ಉತ್ತರದ ಗೋಡೆಯಲ್ಲಿ ರೋಮನ್ ಸೈನ್ಯದ ಆರನೆಯ ದಳದ ಹೆಸರಿರುವ ಕಲ್ಲೊಂದು ತಲೆಕೆಳಗಾಗಿ ಕುಳಿತಿದೆ. ಅಕ್ಷರ ಬಾರದ ಕಲ್ಲುಕುಟಿಗನ ಕೆಲಸವೋ, ಅಕ್ಷರದ ಗೊಡವೆಯೇ ಬೇಡವಾದವನದೋ! ಒಳಗೆ ಸಭಾಂಗಣ ಕಿರಿದು, ಎತ್ತರವಾದುದು. ಅಗಲದ ಮೂರರಷ್ಟು ಉದ್ದ. ಅದರಾಚೆ ಬಲಿಪೀಠದ ಪುಟ್ಟ ಕೋಣೆ. ಇವೆರಡರ ನಡುವಣ ಕಮಾನು ಕೂಡ ರೋಮನ್ ಕಟ್ಟಡವೊಂದರಿಂದ ಬಿಚ್ಚಿ ತಂದು ಮರಳಿ ಜೋಡಿಸಿದ್ದೆಂಬ ಊಹೆಯಿದೆ. ದಕ್ಷಿಣದ ಗೋಡೆಯ ಮೇಲೆ ಬಿಸಿಲುಗಡಿಯಾರವೊಂದಿದೆ.

ಇಷ್ಟು ಪುರಾತನವಾದುದು ಹೆಚ್ಚು ಮಾರ್ಪಾಡಿಲ್ಲದೆ ಉಳಿದುದಕ್ಕೆ ಕಾನೂನು ಕಾರಣವಲ್ಲ. 1863ರಲ್ಲಿ ಊರಿಗೆ ಹೊಸ ಚರ್ಚು ಬಂದಿತು, ಹಳೆಯದು ಹಾಳುಬಿದ್ದಿತು. ಹೊಸದನ್ನು ಕಟ್ಟದೆ ಹಳೆಯದನ್ನೇ ಹಿಗ್ಗಿಸಿದ್ದರೆ ಇಂದು ನೋಡಲು ಏನೂ ಉಳಿಯುತ್ತಿರಲಿಲ್ಲ. ಅದರ ಮಹತ್ವ ಮನವರಿಕೆಯಾದ ಮೇಲೆ 1875-80ರ ಅವಧಿಯಲ್ಲಿ ಜೀರ್ಣೋದ್ಧಾರ ನಡೆಯಿತು. ಕೊನೆಗೆ 1971ರಲ್ಲಿ ಕೆಡವಲ್ಪಟ್ಟದ್ದು ಹೊಸ ಚರ್ಚೇ!

ಕಾನೂನಿನ ಸ್ಥಿತಿ ವಿಚಿತ್ರವಾಗಿದೆ. 1913ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ಪೂಜೆ ನಡೆಯುವ ಚರ್ಚುಗಳನ್ನು ಸರ್ಕಾರದ ಹತೋಟಿಯಿಂದ ಹೊರಗಿಟ್ಟಿತು. ಎಸ್ಕಂಬಿನ ಚರ್ಚು ಇಂದು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಮೊದಲನೆಯ ದರ್ಜೆಯದು. ಆದರೂ ಅದರ ಮಾರ್ಪಾಡಿಗೆ ಮುಖ್ಯವಾಗಿ ಬೇಕಾದದ್ದು ಬಿಷಪ್ಪರ ಪ್ರಾಂತದ ಧಾರ್ಮಿಕ ನ್ಯಾಯಾಲಯದ ಅನುಮತಿ. ತಜ್ಞರ ಸಲಹಾ ಸಮಿತಿಯೊಂದು ಆ ನ್ಯಾಯಾಲಯಕ್ಕೆ ಅಭಿಪ್ರಾಯ ನೀಡುತ್ತದೆ. ಒಡೆಯನೇ ನ್ಯಾಯಾಧೀಶನಾದರೆ ಹೇಗೆ ಎಂಬ ಆಕ್ಷೇಪ ಸಹಜವಾದುದು. ಆದರೆ ಪ್ರಾರ್ಥನೆ ನಡೆಯುವ ಮನೆಯನ್ನು ವಸ್ತುಸಂಗ್ರಹಾಲಯದಂತೆ ಕಾಣುವುದೂ ಸರಿಯಲ್ಲ. ತೊಡಕಿರುವುದು ಬೇರೆ ಕಡೆ: ಅನುಮತಿ ಕೊಡುವವರು ಹಲವರಿದ್ದರೂ ದುರಸ್ತಿಯ ಹಣವನ್ನು ಹೊಂದಿಸುವ ಹೊಣೆ ಆ ಊರಿನ ಪ್ಯಾರಿಷ್ ಸಮಿತಿಯದು. ಈ ಚರ್ಚಿನ ಬೀಗದ ಕೈಯನ್ನು ಎದುರಿನ ಮನೆಯೊಂದರ ಹೊರಗೆ, ನೋಡಬಂದವರು ತಾವೇ ತೆಗೆದುಕೊಳ್ಳಲೆಂದು, ಬಹುಕಾಲ ತೂಗುಹಾಕುತ್ತಿದ್ದರು.