ಜ್ವರ ಬರುವ ಮೊದಲೇ ಮಗುವಿನ ಹೆಸರು ಸೇರಿಸಿ

ನಡುರಾತ್ರಿ ಮಗುವಿಗೆ ಫಿಟ್ಸ್ ಬಂದರೆ ಗುರುವಾಯನಕೆರೆಯಿಂದ ಮಂಗಳೂರಿಗೆ ಸುಮಾರು 60 ಕಿ.ಮೀ. ದಾರಿ. ಆ ಹೊತ್ತಿನಲ್ಲಿ ಕಾಗದಪತ್ರ ಹುಡುಕುವ ಹಾಗೆ ಆಗಬಾರದು ಮಕ್ಕಳೇ. ಕಾನೂನು ಮಕ್ಕಳಿಗೆ ಕೊಟ್ಟದ್ದು ಬೇಕಾದಷ್ಟು ಉಂಟು. ಆದರೆ ಎಲ್ಲವೂ ದಾಖಲೆಯಲ್ಲಿ ಹೆಸರಿದ್ದರೆ ಮಾತ್ರ.

• ಜನನ ನೋಂದಣಿ 21 ದಿನದೊಳಗೆ ಆಗಲಿ. ಬಾಣಂತನದ ಗಡಿಬಿಡಿಯಲ್ಲಿ ಮರೆತುಹೋಗುವುದು ಇದೇ. ಹೆರಿಗೆ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ ಆಗಿದ್ದರೆ ನೋಂದಣಿಯೂ ಮಂಗಳೂರಿನಲ್ಲೇ, ನಮ್ಮ ಪಂಚಾಯತ್‌ನಲ್ಲಿ ಅಲ್ಲ. ತೊಟ್ಟಿಲಿಗೆ ಹಾಕಿ ಹೆಸರಿಡುವವರೆಗೆ ಕಾಯಬೇಡಿ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ.

• ಜನನ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಬಾಲ ಆಧಾರ್ ಮಾಡಿಸಿ, ರೇಷನ್ ಕಾರ್ಡಿಗೆ ಹೆಸರು ಸೇರಿಸಿ. ಅಕ್ಕಿಗಾಗಿ ಮಾತ್ರ ಎಂದುಕೊಳ್ಳಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಚಿಕಿತ್ಸಾ ಯೋಜನೆ ನಿಂತಿರುವುದೇ ಈ ಕಾರ್ಡಿನ ಮೇಲೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಬೆಳ್ತಂಗಡಿ ತಾಲೂಕು ಆಸ್ಪತ್ರೆ ಹತ್ತಿರದಲ್ಲೇ ಉಂಟಲ್ಲ, ಅದನ್ನು ಬಿಟ್ಟು ಓಡಬೇಡಿ.

• ಗೇರುಬೀಜ ಕಾರ್ಖಾನೆಗೋ ಅಂಗಡಿಗೋ ದುಡಿಯಲು ಹೋಗುವ ಅಮ್ಮಂದಿರೇ, ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಾರಾ ನೋಡಿ. ಹಿಡಿಯುವುದಾದರೆ ಮಗುವಿನ ಚಿಕಿತ್ಸೆಯೂ ನಿಮ್ಮ ಹಕ್ಕು. ಓದುವ ಮಗುವಿಗೆ 21 ವರ್ಷದವರೆಗೆ, ಮದುವೆಯಾಗದ ಅವಲಂಬಿತ ಮಗಳಿಗೆ ಅದರ ನಂತರವೂ, ಅಂಗವೈಕಲ್ಯದಿಂದ ನಿಮ್ಮನ್ನೇ ನಂಬಿರುವ ಮಗುವಿಗೆ ಆ ಸ್ಥಿತಿ ಇರುವಷ್ಟು ಕಾಲ. ಫಾರ್ಮಿನಲ್ಲಿ ಗಂಡನ ಹೆಸರು ಬರೆಸಿ ಮಗುವಿನದ್ದು ಬಿಟ್ಟವರುಂಟು. ಇವತ್ತೇ ಕೇಳಿ ಸರಿ ಮಾಡಿಸಿ.

• ಸಹಕಾರಿ ಸೊಸೈಟಿಯ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯನ್ನು ಮರೆಯಬೇಡಿ. ನೋಂದಣಿಗೆ ವರ್ಷದಲ್ಲಿ ಕೊಡುವ ಅವಧಿ ಸಣ್ಣದು, ತಪ್ಪಿದರೆ ಮುಂದಿನ ವರ್ಷವೇ.

• ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ತಂಡ ಬರುತ್ತದೆ. ಆ ದಿನ ಮಗುವನ್ನು ಮನೆಯಲ್ಲಿ ನಿಲ್ಲಿಸಬೇಡಿ. ಹೃದಯದ ತೂತು, ಸೀಳುತುಟಿ, ಕಿವುಡು ಇವೆಲ್ಲ ಬೇಗ ಪತ್ತೆಯಾಗುವುದು ಅಲ್ಲಿ, ಮುಂದಿನ ಚಿಕಿತ್ಸೆಗೆ ದಾರಿಯೂ ಅಲ್ಲಿಂದಲೇ.

• ಕೊಕ್ಕಡ, ಪಟ್ರಮೆ ಕಡೆ ಗೇರುತೋಟಕ್ಕೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರ ನೋವು ನಮ್ಮ ತಾಲೂಕಿನ ಮನೆಗಳಲ್ಲಿ ಇನ್ನೂ ಉಂಟು. ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹು ಅಂಗವೈಕಲ್ಯ ಇರುವ ಮಕ್ಕಳಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಉಂಟು, 1 ಲಕ್ಷದವರೆಗೆ. ಮೊದಲು ವೈದ್ಯಕೀಯ ಪರೀಕ್ಷೆ ಆಗಬೇಕೆಂದಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ಥೆರಪಿಯ ಖರ್ಚೂ ಇದರಲ್ಲಿ ಬರುತ್ತದೆ. ಇಂಥ ಮಗು ನೆರೆಮನೆಯಲ್ಲಿದ್ದರೆ ನೀವೇ ಹೋಗಿ ಹೇಳಿ. ಆ ತಾಯಿಗೆ ಕಚೇರಿ ಅಲೆಯಲು ಪುರುಸೊತ್ತು ಇರುವುದಿಲ್ಲ.

• ಖಾಸಗಿ ಪಾಲಿಸಿ ಮಾಡಿಸುವವರು ಮಗುವಿನ ಉಬ್ಬಸವನ್ನೋ ಫಿಟ್ಸನ್ನೋ ಮುಚ್ಚಿಡಬೇಡಿ. ಏಜೆಂಟ್ "ಬರೆಯುವುದು ಬೇಡ" ಅಂದರೂ ಬರೆಸಿ. ಹೇಳಿಕೊಂಡ ಹಳೇ ಕಾಯಿಲೆಗೆ 3 ವರ್ಷಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ ಎಂದು 2024ರಿಂದ ನಿಯಮ ಉಂಟು. ಮುಚ್ಚಿಟ್ಟರೆ ಕ್ಲೇಮೇ ಹೋದೀತು. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಹದಿಹರೆಯದ ಮಕ್ಕಳಿರುವವರು ಇದನ್ನು ಗುರುತು ಹಾಕಿಕೊಳ್ಳಿ.

• ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೇಳಿ. ಕಂಪನಿಗೆ ದೂರು ಕೊಟ್ಟು 30 ದಿನದಲ್ಲಿ ಸರಿಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಶುಲ್ಕ ಇಲ್ಲ, ವಕೀಲರೂ ಬೇಡ. ಡಿಸ್ಚಾರ್ಜ್ ಸಮ್ಮರಿ ಮತ್ತು ಬಿಲ್ಲಿನ ಜೆರಾಕ್ಸ್ ಒಂದು ಸೆಟ್ ಮನೆಯಲ್ಲಿ ಇರಲಿ.